ತಪ್ಪು ಮೈಬಣ್ಣದ್ದಲ್ಲ, ಫಿಲ್ಮಿನದ್ದು

ನಮ್ಮ ಚಿಕ್ಕಪ್ಪನ ಮದುವೆ ಆಲ್ಬಮ್ಮಿನಲ್ಲಿ ಒಂದು ಗ್ರೂಪ್ ಫೋಟೊ ಇದೆ. 1980ರ ದಶಕದ ಕೊನೆಯದ್ದು. ಛತ್ರದ ಸುಣ್ಣ ಬಳಿದ ಗೋಡೆಯ ಮುಂದೆ ಹದಿನೆಂಟು ಜನ ಎರಡು ಸಾಲಾಗಿ ನಿಂತಿದ್ದಾರೆ. ಗಂಡಸರ ಪಂಚೆ, ಶರಟು ಬೆಳ್ಳಗೆ ಹೊಳೆಯುತ್ತಿವೆ. ಮುಂದೆ ಕೂತಿರುವ ಮದುಮಗಳ ಕೈಬಳೆ ಎಣಿಸಬಹುದು. ಹಿಂದಿನ ಸಾಲಿನ ತುದಿಯಲ್ಲಿ ನಮ್ಮ ಸೋದರತ್ತೆ ನಿಂತಿದ್ದಾರೆ. ಅವರ ಸೀರೆಯ ಅಂಚು ಕಾಣುತ್ತದೆ, ಮೂಗುಬೊಟ್ಟಿನ ಮಿಂಚು ಕಾಣುತ್ತದೆ. ಮುಖ ಮಾತ್ರ ಕಾಣುವುದಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಮಸಿ ಬಳಿದಂತಿದೆ.

ಆಲ್ಬಮ್ ಮನೆಗೆ ಬಂದ ದಿನ ಯಾರೋ ಅದನ್ನು ತೋರಿಸಿ ನಕ್ಕರಂತೆ. ಅವತ್ತಿನಿಂದ ಅತ್ತೆ ಕ್ಯಾಮೆರಾ ಕಂಡರೆ ಒಳಮನೆಗೆ ಹೋಗಿಬಿಡುತ್ತಾರೆ. ನಾಮಕರಣ ಇರಲಿ, ಗೃಹಪ್ರವೇಶ ಇರಲಿ, ಕರೆದರೆ ಒಂದೇ ಉತ್ತರ: "ನಾನು ಕರ್ರಗಿದೀನಿ ಕಣೋ, ಫೋಟೊದಲ್ಲಿ ಚೆನ್ನಾಗಿ ಬರಲ್ಲ. ನೀವು ತೆಗೆಸ್ಕೊಳ್ಳಿ."

ಈಗ ಅವರಿಗೆ ಅರವತ್ತು ದಾಟಿದೆ. ಅವರೊಬ್ಬರದ್ದೇ ಅಂತ ಇರುವ ಫೋಟೊ ಎರಡೇ. ಒಂದು ಓಟರ್ ಐಡಿಯದ್ದು, ಇನ್ನೊಂದು ಆಧಾರ್ ಕಾರ್ಡಿನದ್ದು.

ಅತ್ತೆ ಹೇಳುವ ಮಾತನ್ನು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿಯೇ ಇರುತ್ತಾರೆ. ಅಜ್ಜಿಯೋ, ದೊಡ್ಡಮ್ಮನೋ, ಕಾಲೇಜಿಗೆ ಹೋಗುವ ತಂಗಿಯೋ. ನಾವು ಅದನ್ನು ನಾಚಿಕೆ ಎಂದು ತಿಳಿದು ಬಿಟ್ಟುಬಿಡುತ್ತೇವೆ. ನನ್ನ ವಾದ ಇಷ್ಟು: ಅತ್ತೆಯ ಮುಖ ಫೋಟೊದಲ್ಲಿ ಕಾಣದೇ ಹೋದದ್ದು ಅವರ ಮೈಬಣ್ಣದ ತಪ್ಪಲ್ಲ. ಕ್ಯಾಮೆರಾ ಬೆಳಕು ಅಳೆದ ರೀತಿ, ಫಿಲ್ಮ್ ತಯಾರಾದ ರೀತಿ, ಲ್ಯಾಬಿನಲ್ಲಿ ಪ್ರಿಂಟ್ ಹಾಕಿದ ರೀತಿ, ಈ ಮೂರರ ತಪ್ಪನ್ನು ಒಬ್ಬ ಹೆಣ್ಣುಮಗಳು ಮೂವತ್ತೈದು ವರ್ಷ ತನ್ನ ತಪ್ಪು ಎಂದುಕೊಂಡು ಬದುಕಿದಳು. ಓದಿಕೊಂಡು ಇದನ್ನು ಹೇಳುತ್ತಿಲ್ಲ. ಹಳೇ ಕ್ಯಾಮೆರಾದಲ್ಲಿ ಎರಡು ರೀಲು ಹೊಡೆದು ನೋಡಿಯೇ ಹೇಳುತ್ತಿದ್ದೇನೆ.

ಕ್ಯಾಮೆರಾಗೆ ಗೋಡೆ ಕಂಡಿತು, ಮುಖ ಕಾಣಲಿಲ್ಲ

ನಮ್ಮ ಹೋಬಳಿಯಲ್ಲಿ ಮೊದಲು ಸ್ಟುಡಿಯೊ ನಡೆಸುತ್ತಿದ್ದ ಅಣ್ಣ ಒಬ್ಬರಿದ್ದಾರೆ. ಈಗ ಅವರ ಅಂಗಡಿಯಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೊ. ಬೇರೆಲ್ಲ ಮಾರಿದರೂ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ಮಾತ್ರ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಅದು. ಫೋಕಸ್, ಶಟರ್, ಅಪರ್ಚರ್ ಎಲ್ಲ ಕೈಯಿಂದಲೇ ತಿರುಗಿಸಬೇಕು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಸೆಲ್ ಸತ್ತರೂ ಫೋಟೊ ತೆಗೆಯಬಹುದು.

ಕಣ್ಣಿಟ್ಟು ನೋಡಿದರೆ ಬಲಗಡೆ ಒಂದು ಸಣ್ಣ ಮುಳ್ಳು ಕಾಣುತ್ತದೆ. ಬೆಳಕು ಹೆಚ್ಚಾದರೆ ಮೇಲೆ ಹೋಗುತ್ತದೆ, ಕಡಿಮೆಯಾದರೆ ಕೆಳಗೆ ಬರುತ್ತದೆ. ಮುಳ್ಳನ್ನು ನಡುವೆ ತಂದು ಬಟನ್ ಒತ್ತಬೇಕು. ಎಲ್ಲರಿಗೂ ಕಲಿಸುವುದು ಇಷ್ಟೇ. ತೊಂದರೆ ಇರುವುದೂ ಇಲ್ಲೇ.

ಮೀಟರಿಗೆ ಯಾರ ಮುಖವೂ ಗೊತ್ತಿಲ್ಲ. ಎದುರಿಗೆ ಕಾಣುವುದೆಲ್ಲ ಸೇರಿ ಒಂದು ನಡುಮಟ್ಟದ ಬೂದು ಬಣ್ಣ ಎಂದು ಅದು ಲೆಕ್ಕ ಹಾಕುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ವಾಪಸ್ ಕೊಡುವ ಬೂದು ಅದು. ಈಗ ಆ ಮದುವೆ ಫೋಟೊ ನೆನಪಿಸಿಕೊಳ್ಳಿ. ಹಿಂದೆ ಸುಣ್ಣದ ಗೋಡೆ, ಮುಂದೆ ಬಿಳೀ ಪಂಚೆಗಳ ಸಾಲು. ಅಷ್ಟೊಂದು ಬಿಳುಪು ಕಂಡ ಮೀಟರು "ಬೆಳಕು ಜಾಸ್ತಿ ಇದೆ, ಕಡಿಮೆ ಮಾಡು" ಎನ್ನುತ್ತದೆ. ಬೆಳಕು ಕಡಿಮೆ ಮಾಡಿದರೆ ಗೋಡೆ ಚೆನ್ನಾಗಿ ಬರುತ್ತದೆ, ಪಂಚೆಯ ನೆರಿಗೆ ಕೂಡ ಬರುತ್ತದೆ. ಕಪ್ಪು ಮುಖಕ್ಕೆ ಬೇಕಾದ ಬೆಳಕು ಫಿಲ್ಮಿಗೆ ತಲುಪುವುದೇ ಇಲ್ಲ.

ಫ್ಲ್ಯಾಶ್ ಹೊಡೆದಿದ್ದರಲ್ಲ ಎನ್ನಬಹುದು. ಫ್ಲ್ಯಾಶ್ ಬೆಳಕು ದೂರ ಹೋದಂತೆ ಬೇಗ ಸೊರಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಅರ್ಧವಲ್ಲ, ಕಾಲುಭಾಗವಾಗುತ್ತದೆ. ಮುಂದಿನ ಸಾಲಿನ ಮದುಮಗಳಿಗೆ ಸಿಕ್ಕ ಬೆಳಕು ಹಿಂದಿನ ಸಾಲಿನ ತುದಿಯವರಿಗೆ ಸಿಗುವುದಿಲ್ಲ. ಇನ್ನು ತುದಿಯಲ್ಲಿ ಯಾರನ್ನು ನಿಲ್ಲಿಸುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಫಿಲ್ಮಿನಲ್ಲೂ ತಳಿ ಇದೆ

ಹೊರಗಿನಿಂದ ನೋಡಿದರೆ ಎಲ್ಲ ರೀಲೂ ಒಂದೇ ಥರದ ಡಬ್ಬಿ. ಒಳಗಿನದ್ದು ಬೇರೆ. ರಾಗಿಯಲ್ಲಿ ಒಂದು ತಳಿ ಬೇಗ ಬರುತ್ತದೆ, ಇನ್ನೊಂದು ಮಳೆ ಹಿಂದುಮುಂದಾದರೂ ತಡೆದುಕೊಳ್ಳುತ್ತದೆ. ಫಿಲ್ಮೂ ಹಾಗೆಯೇ.

ತೀರಾ ಹಳೆಯ ಕಪ್ಪು-ಬಿಳುಪು ಫೋಟೊಗಳಲ್ಲಿ ಹಣೆಯ ಕುಂಕುಮ ಇದ್ದಿಲಿನಷ್ಟು ಕಪ್ಪಗೆ ಬಂದಿರುವುದನ್ನು ನೋಡಿರಬಹುದು. ಅಂದಿನ ಫಿಲ್ಮು, ಗಾಜಿನ ಪ್ಲೇಟುಗಳಲ್ಲಿ ಎಷ್ಟೋ ಕೆಂಪು ಬೆಳಕನ್ನು ಗುರುತಿಸುತ್ತಲೇ ಇರಲಿಲ್ಲ. ಕೆಂಪು ಎಂದರೆ ಅವಕ್ಕೆ ಕತ್ತಲೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪಿನ ಪಾಲು ದೊಡ್ಡದು. ಹಾಗಾಗಿ ಆ ಫಿಲ್ಮಿನಲ್ಲಿ ನಮ್ಮವರು ಇದ್ದದ್ದಕ್ಕಿಂತ ಕಪ್ಪಗೆ ಬಂದರು. ಎಲ್ಲ ಬಣ್ಣವನ್ನೂ ಗುರುತಿಸುವ ಫಿಲ್ಮುಗಳು ಬಂದ ಮೇಲೆ ಇದು ಸುಧಾರಿಸಿತು. 1954ರಲ್ಲಿ ರೀಲಿನ ರೂಪದಲ್ಲಿ ಬಂದ ಕೊಡಕ್ ಟ್ರೈ-ಎಕ್ಸ್, ಆಮೇಲೆ ಬಂದ ಇಲ್ಫೋರ್ಡ್ ಎಚ್‌ಪಿ5, ಇವೆರಡೂ ಮಬ್ಬು ಬೆಳಕಲ್ಲೂ ಕೆಲಸ ಮಾಡುವ 400 ಸ್ಪೀಡಿನವು. ಇವತ್ತಿಗೂ ಸಿಗುತ್ತವೆ. ನಮ್ಮ ದೇಶದ್ದೇ ಆದ ಫಿಲ್ಮೂ ಇತ್ತು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯಿಂದ 'ಇಂದು' ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮ್ ಬರುತ್ತಿತ್ತು.

ಬಣ್ಣದ ಫಿಲ್ಮಿನ ಕಥೆ ಬೇರೆ. ಅದರಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಒಂದೊಂದರಂತೆ ಪದರಗಳಿರುತ್ತವೆ. ಯಾವ ಪದರ ಎಷ್ಟು ಚುರುಕಾಗಿರಬೇಕು, ಯಾವ ಬಣ್ಣ ಎಷ್ಟು ಗಾಢವಾಗಿ ಬರಬೇಕು ಎಂಬುದು ತಾನಾಗಿಯೇ ಆಗುವುದಲ್ಲ. ಕಾರ್ಖಾನೆಯಲ್ಲಿ ಕೂತ ಮನುಷ್ಯರು ತೀರ್ಮಾನಿಸುವುದು. ತೀರ್ಮಾನಿಸುವಾಗ ಅವರ ಕಣ್ಣ ಮುಂದೆ ಯಾರ ಮುಖ ಇತ್ತು?

ಶರ್ಲಿ ಎಂಬ ಅಳತೆಗೋಲು

ಈ ಪ್ರಶ್ನೆಗೆ ಉತ್ತರ ದಾಖಲಾಗಿದೆ. 1950ರ ದಶಕದಿಂದ ಅಮೆರಿಕದ ಕೊಡಕ್ ಕಂಪನಿ ಫೋಟೊ ಲ್ಯಾಬುಗಳಿಗೆ ಒಂದು ಮಾದರಿ ಪ್ರಿಂಟ್ ಕಳಿಸುತ್ತಿತ್ತು. ಅದರಲ್ಲಿ ಬಿಳಿ ಮೈಬಣ್ಣದ ಒಬ್ಬ ಹೆಂಗಸಿನ ಚಿತ್ರ. ಮೊದಲ ರೂಪದರ್ಶಿಯ ಹೆಸರು ಶರ್ಲಿ, ಹಾಗಾಗಿ ಆಮೇಲೆ ಬೇರೆ ಹೆಂಗಸರ ಚಿತ್ರ ಬಂದರೂ ಅದಕ್ಕೆ ಶರ್ಲಿ ಕಾರ್ಡ್ ಎಂಬ ಹೆಸರೇ ನಿಂತಿತು. ಲ್ಯಾಬಿನವರು ತಮ್ಮ ಮೆಷಿನ್ನಿನ ಪ್ರಿಂಟನ್ನು ಆ ಕಾರ್ಡಿನ ಪಕ್ಕ ಇಟ್ಟು ನೋಡುತ್ತಿದ್ದರು. ಶರ್ಲಿಯ ಮುಖ ಸರಿಯಾಗಿ ಬಂದರೆ ಮೆಷಿನ್ ಸರಿ ಇದೆ ಎಂದರ್ಥ. ಬೇರೆ ಬಣ್ಣದ ಮುಖ ಹೇಗೆ ಬರುತ್ತದೆ ಎಂದು ನೋಡಲು ಕಾರ್ಡೇ ಇರಲಿಲ್ಲ.

ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಲೋರ್ನಾ ರಾತ್ ಇದರ ಬಗ್ಗೆ ಸಂಶೋಧನೆ ಮಾಡಿ 2009ರಲ್ಲಿ ಲೇಖನ ಪ್ರಕಟಿಸಿದರು. ಹಿಂದೆ ಕೊಡಕ್‌ನಲ್ಲಿ ಕೆಲಸ ಮಾಡಿದವರನ್ನು ಅವರು ಮಾತಾಡಿಸಿದ್ದರು. ಆಗ ಹೊರಬಂದ ವಿಷಯ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 1960-70ರ ದಶಕಗಳಲ್ಲಿ ಕಂಪನಿ ಕಂದು ಬಣ್ಣದ ಕಡೆ ಗಮನ ಕೊಟ್ಟದ್ದು ಕಪ್ಪು ಜನರ ದೂರು ಕೇಳಿ ಅಲ್ಲ. ಚಾಕೊಲೇಟ್ ಮಾಡುವವರು, ಮರದ ಪೀಠೋಪಕರಣ ಮಾರುವವರು ದೂರು ಕೊಟ್ಟರು. ಜಾಹೀರಾತಿನಲ್ಲಿ ಕಪ್ಪು ಚಾಕೊಲೇಟಿಗೂ ಹಾಲಿನ ಚಾಕೊಲೇಟಿಗೂ ವ್ಯತ್ಯಾಸ ಕಾಣುತ್ತಿಲ್ಲ, ಒಂದು ಜಾತಿಯ ಮರಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುತ್ತಿಲ್ಲ ಎಂದರು. 1980ರ ದಶಕದಲ್ಲಿ ಬಂದ ಕೊಡಕ್ ಗೋಲ್ಡ್ ಫಿಲ್ಮ್ ಕಂದು ಬಣ್ಣಗಳನ್ನು ಮೊದಲಿಗಿಂತ ಚೆನ್ನಾಗಿ ಹಿಡಿಯಿತು. ಬೇರೆ ಬೇರೆ ಮೈಬಣ್ಣದ ಹೆಂಗಸರು ಒಟ್ಟಿಗೆ ಇರುವ ಕಾರ್ಡು ಬರಲು 1990ರ ದಶಕ ಆಗಬೇಕಾಯಿತು.

ಇದಕ್ಕೆ ಒಂದು ಎದುರುವಾದ ಇದೆ. ಕಪ್ಪು ಮೈ ಬೆಳಕನ್ನು ಕಡಿಮೆ ವಾಪಸ್ ಕೊಡುತ್ತದೆ, ಇದು ವಿಜ್ಞಾನ, ಇದರಲ್ಲಿ ಯಾರ ತಾರತಮ್ಯ ಏನಿದೆ ಎಂದು ಸ್ಟುಡಿಯೊ ಅಣ್ಣನೇ ನನ್ನನ್ನು ಕೇಳಿದರು. ಅವರ ಮಾತು ಅರ್ಧ ನಿಜ. ಬೆಳಕಿನ ನಿಯಮ ಎಲ್ಲರಿಗೂ ಒಂದೇ. ಆದರೆ ಆ ನಿಯಮದ ಒಳಗೆ ಯಾರ ಮುಖಕ್ಕೆ ಅನುಕೂಲ ಮಾಡಿಕೊಡಬೇಕು ಎಂಬುದು ಆಯ್ಕೆ. ಚಾಕೊಲೇಟಿಗಾಗಿ ಫಿಲ್ಮನ್ನು ತಿದ್ದಲು ಸಾಧ್ಯವಾಯಿತು ಎಂದ ಮೇಲೆ ಮನುಷ್ಯರಿಗಾಗಿ ಅದಕ್ಕೂ ಮೊದಲೇ ತಿದ್ದಬಹುದಿತ್ತು.

ಉಳಿದದ್ದನ್ನು ನಾವೇ ಸೇರಿಸಿದೆವು

ಎಲ್ಲವನ್ನೂ ಅಮೆರಿಕದ ತಲೆಗೆ ಕಟ್ಟುವುದು ಸುಲಭ. ಆದರೆ ಫಿಲ್ಮಿನ ತಪ್ಪನ್ನು ನೆಪ ಮಾಡಿಕೊಂಡು ನಾವು ಮಾಡಿದ್ದೇನು?

ಹೆಣ್ಣು ತೋರಿಸುವ ಫೋಟೊಗೆ ಎಂದು ಸ್ಟುಡಿಯೊಗೆ ಕರೆದುಕೊಂಡು ಹೋಗಿ, ಕನ್ನಡಿ ಮುಂದಿನ ಪೌಡರ್ ಡಬ್ಬಿ ಕೈಗೆ ಕೊಟ್ಟೆವು. ಮುಖಕ್ಕೆ ನೇರವಾಗಿ ಎರಡು ಲೈಟು ಹಾಕಿಸಿದೆವು. "ಸ್ವಲ್ಪ ಫೇರ್ ಮಾಡಿ ಕೊಡಿ" ಎಂದು ಹೇಳಿದೆವು. ಲ್ಯಾಬಿನ ಮೆಷಿನ್ನಿನಲ್ಲಿ ಪ್ರಿಂಟನ್ನು ತಿಳಿ ಮಾಡಲು, ಗಾಢ ಮಾಡಲು ಬಟನ್ ಇರುತ್ತಿತ್ತು. ಮದುಮಗಳ ಫೋಟೊ ಬಂದಾಗ ಆಪರೇಟರ್ ಕೈ ತಾನಾಗಿಯೇ ತಿಳಿ ಮಾಡುವ ಬಟನ್ನಿಗೆ ಹೋಗುತ್ತಿತ್ತು ಎಂದು ಸ್ಟುಡಿಯೊ ಅಣ್ಣ ಹೇಳುತ್ತಾರೆ. ಗ್ರೂಪ್ ಫೋಟೊದ ತುದಿಯಲ್ಲಿ ನಿಂತವರಿಗಾಗಿ ಯಾರೂ ಬಟನ್ ಒತ್ತಲಿಲ್ಲ.

ಹೀಗೆ ನಮ್ಮ ಆಲ್ಬಮ್ಮುಗಳಲ್ಲಿ ಕಪ್ಪು ಹೆಂಗಸರು ಎರಡೇ ಥರ ಸಿಗುತ್ತಾರೆ. ಒಂದು, ಬೂದಿ ಬಳಿದಂತೆ ಬೆಳ್ಳಗಾದವರು. ಇನ್ನೊಂದು, ಮುಖವೇ ಕಾಣದವರು. ಇದ್ದ ಹಾಗೆ ಬಂದವರು ಕಡಿಮೆ.

ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ನಮ್ಮ ದೇಶದಲ್ಲಿ 1975ರಿಂದ ಮಾರಾಟವಾಗಿ, 2020ರಲ್ಲಿ 'ಫೇರ್' ಎಂಬ ಪದ ಬಿಟ್ಟು ಹೆಸರು ಬದಲಿಸಿಕೊಂಡಿತು. ನಮ್ಮ ಬಾಯಲ್ಲಿರುವ ಪದ ಇನ್ನೂ ಬದಲಾಗಿಲ್ಲ.

ಎರಡು ರೀಲಿನ ಪರೀಕ್ಷೆ

ಅತ್ತೆಯನ್ನು ಒಪ್ಪಿಸಲು ಮೂರು ತಿಂಗಳು ಬೇಕಾಯಿತು. "ಫೋನ್‌ನಲ್ಲಿ ಅಲ್ಲ ಅತ್ತೆ, ಹಳೇ ರೀಲ್ ಕ್ಯಾಮೆರಾದಲ್ಲಿ. ನೀನು ಬೇಡ ಅಂದರೆ ಯಾರಿಗೂ ತೋರಿಸಲ್ಲ" ಎಂದ ಮೇಲೆ ಹೂಂ ಎಂದರು.

ಒಂದು ಎಚ್‌ಪಿ5 ಕಪ್ಪು-ಬಿಳುಪು ರೀಲು, ಒಂದು ಕೊಡಕ್ ಗೋಲ್ಡ್ 200 ಬಣ್ಣದ ರೀಲು ತರಿಸಿದೆ. ಒಂದೊಂದರಲ್ಲಿ 36 ಫೋಟೊ. ಸ್ಟುಡಿಯೊ ಅಣ್ಣ ಮೂರು ಮಾತು ಹೇಳಿ ಕ್ಯಾಮೆರಾ ಕೊಟ್ಟರು. ಬಿಸಿಲಲ್ಲಿ ನಿಲ್ಲಿಸಬೇಡ. ಹಿಂದೆ ಬಿಳೀ ಗೋಡೆ ಇರಬಾರದು. ಮೀಟರನ್ನು ನಂಬಬೇಡ, ಅಂಗೈ ನಂಬು.

ಅಂಗೈ ವಿಷಯ ನನಗೆ ಹೊಸದು. ಮೈಬಣ್ಣ ಯಾವುದೇ ಇರಲಿ, ಅಂಗೈಯ ಬಣ್ಣ ಜನರಿಂದ ಜನರಿಗೆ ಅಷ್ಟೊಂದು ಬೇರೆ ಇರುವುದಿಲ್ಲ. ಮುಖದ ಮೇಲೆ ಬೀಳುವ ಬೆಳಕೇ ಅಂಗೈ ಮೇಲೂ ಬೀಳುವಂತೆ ಹಿಡಿದು, ಅಂಗೈಯೇ ತುಂಬಿಕೊಳ್ಳುವಷ್ಟು ಹತ್ತಿರ ಹೋಗಿ ಅಳೆಯಬೇಕು. ಅಂಗೈ ಆ ಬೂದು ಬಣ್ಣಕ್ಕಿಂತ ತಿಳಿ. ಅದಕ್ಕೇ ಮೀಟರ್ ಹೇಳಿದ್ದಕ್ಕಿಂತ ಎರಡರಷ್ಟು ಬೆಳಕು ಕೊಡಬೇಕು. ಮೀಟರ್ 125ರ ಶಟರ್ ತೋರಿಸಿದರೆ 60ಕ್ಕೆ ಇಳಿಸಿದರಾಯಿತು. ನೆಗೆಟಿವ್ ಫಿಲ್ಮಿಗೆ ಬೆಳಕು ತುಸು ಹೆಚ್ಚಾದರೆ ತೊಂದರೆಯಿಲ್ಲ, ಕಡಿಮೆಯಾದರೆ ಮಾತ್ರ ಕಷ್ಟ. ದಾಖಲಾಗದೇ ಹೋದ ನೆರಳನ್ನು ಆಮೇಲೆ ಯಾರೂ ತರಲಾರರು.

ಬೆಳಿಗ್ಗೆ ಎಂಟರ ಹೊತ್ತಿಗೆ ಅತ್ತೆಯನ್ನು ಜಗಲಿ ಮೇಲೆ, ನೆರಳಿನಲ್ಲಿ, ಅಂಗಳದ ಕಡೆ ಮುಖ ಮಾಡಿ ಕೂರಿಸಿದೆ. ಹಿಂದೆ ತೆರೆದ ಬಾಗಿಲ ಕತ್ತಲು. ಅಂಗಳದ ಬೆಳಕು ಮೆತ್ತಗೆ ಮುಖದ ಮೇಲೆ ಬೀಳುತ್ತಿತ್ತು. ಪೌಡರ್ ಹಾಕಿಕೊಳ್ಳಲು ಹೊರಟವರನ್ನು ತಡೆದೆ. ಅವರೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದರು. ಹತ್ತನೇ ಫೋಟೊ ಹೊತ್ತಿಗೆ ಕ್ಯಾಮೆರಾ ಮರೆತರು.

ಕಪ್ಪು-ಬಿಳುಪು ರೀಲನ್ನು ಸ್ಟುಡಿಯೊ ಅಣ್ಣ ತಮ್ಮ ಹಳೇ ಟ್ಯಾಂಕಿನಲ್ಲೇ ತೊಳೆದುಕೊಟ್ಟರು. ಬಣ್ಣದ್ದನ್ನು ಬೆಂಗಳೂರಿಗೆ ಕೊರಿಯರ್ ಮಾಡಿದೆ. ಕಪ್ಪು-ಬಿಳುಪಿನಲ್ಲಿ ಅತ್ತೆಯ ಮುಖದ ಒಂದೊಂದು ಗೆರೆಯೂ ಬಂದಿತ್ತು. ಮುಂಗೈ ಮೇಲಿನ ಹಚ್ಚೆ, ಚಿಕ್ಕಂದಿನಲ್ಲಿ ಬಿದ್ದು ಆದ ಹುಬ್ಬಿನ ಗಾಯ, ಕಣ್ಣೊಳಗಿನ ಬಾಗಿಲಷ್ಟು ಬೆಳಕು, ಎಲ್ಲ. ಬಣ್ಣದ ರೀಲಿನಲ್ಲಿ ಮುಖ ಹಣ್ಣಾದ ಹುಣಸೆಯ ಬಣ್ಣ. ಇದ್ದ ಹಾಗೆ ಕಪ್ಪು, ಇದ್ದ ಹಾಗೆ ಹೊಳಪು. ಎಲ್ಲವೂ ಚೆನ್ನಾಗಿ ಬಂತು ಎಂದರೆ ಸುಳ್ಳಾಗುತ್ತದೆ. ಒಟ್ಟು 72ರಲ್ಲಿ ಹದಿನೈದು ಫೋಕಸ್ ತಪ್ಪಿದ್ದವು, ಮೀಟರ್ ನಂಬಿ ತೆಗೆದ ನಾಲ್ಕರಲ್ಲಿ ಹಳೇ ಆಲ್ಬಮ್ಮಿನ ಕಥೆಯೇ ಆಗಿತ್ತು. ಅದೇ ಅತ್ತೆ, ಅದೇ ಕ್ಯಾಮೆರಾ, ಅದೇ ಬೆಳಿಗ್ಗೆ. ಹಿಂದೆ ಸುಣ್ಣದ ಗೋಡೆ ಬಂದದ್ದಷ್ಟೇ ಬದಲಾವಣೆ.

ಅತ್ತೆ ಫೋಟೊಗಳನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಒಂದೇ ಮಾತು: "ನಮ್ಮಪ್ಪನ ಮುಖಾನೇ ಬಂದಿದೆ ಕಣೋ." ನಮ್ಮ ತಾತನ ಫೋಟೊ ಒಂದೂ ಇಲ್ಲ. ಅವರು ಹೇಗಿದ್ದರು ಎಂದು ನನಗೆ ಗೊತ್ತಾದದ್ದು ಅವತ್ತು.

ನಿಮ್ಮ ಕೈಯಲ್ಲಿರುವ ಫೋನು

ಬೆಂಗಳೂರಿನಂಥ ಊರುಗಳಲ್ಲಿ ಈಗ ಹುಡುಗ ಹುಡುಗಿಯರು ಮತ್ತೆ ಫಿಲ್ಮ್ ಕ್ಯಾಮೆರಾ ಹಿಡಿದಿದ್ದಾರೆ. ಪೆಂಟ್ಯಾಕ್ಸ್ ಕಂಪನಿ 2024ರಲ್ಲಿ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಮಾರುಕಟ್ಟೆಗೆ ಬಿಟ್ಟಿತು. ಫಿಲ್ಮಿನ ಬಣ್ಣವೇ ಬಣ್ಣ, ಆ ಕಾಲವೇ ಚೆಂದ ಎನ್ನುವ ಮಾತು ಕೇಳುತ್ತಿರುತ್ತೇನೆ. ನನಗೂ ಫಿಲ್ಮ್ ಇಷ್ಟವಾಯಿತು. ಆದರೆ ಆ ಕಾಲ ಎಲ್ಲರಿಗೂ ಚೆಂದ ಇರಲಿಲ್ಲ. ನಮ್ಮತ್ತೆಯನ್ನು ಕೇಳಿ ನೋಡಿ.

ನೀವೂ ಫಿಲ್ಮ್ ಕ್ಯಾಮೆರಾ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಒಂದು ರೀಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಸಾವಿರ ರೂಪಾಯಿ ದಾಟುತ್ತದೆ. ಕೂಲಿ ಮಾಡುವವರಿಗೆ ಎರಡು ಮೂರು ದಿನದ ದುಡಿಮೆ ಅದು. ಫಿಲ್ಮ್ ಕಲಿಸಿದ ಪಾಠ ಫೋನಿಗೂ ಆಗುತ್ತದೆ.

ಫೋನಿನ ಕ್ಯಾಮೆರಾವೂ ಯಾರೋ ಎಲ್ಲೋ ಕೂತು ತೀರ್ಮಾನಿಸಿದ ಲೆಕ್ಕದ ಮೇಲೆಯೇ ನಡೆಯುತ್ತದೆ. ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಎಲ್ಲ ಮೈಬಣ್ಣವನ್ನೂ ಸರಿಯಾಗಿ ತೋರಿಸುತ್ತೇವೆ ಎಂದು 'ರಿಯಲ್ ಟೋನ್' ತಂದದ್ದು 2021ರಲ್ಲಿ. ಅಂದರೆ ಮೊನ್ನೆ ಮೊನ್ನೆ. ನಮ್ಮ ಕೈಗೆಟುಕುವ ಎಷ್ಟೋ ಫೋನುಗಳಲ್ಲಿ ಬ್ಯೂಟಿ ಮೋಡ್ ಆನ್ ಮಾಡಿದರೆ ಇವತ್ತಿಗೂ ಮುಖ ನುಣ್ಣಗೆ, ಬೆಳ್ಳಗೆ ಆಗುತ್ತದೆ. ಸ್ಟುಡಿಯೊದ ಪೌಡರ್ ಡಬ್ಬಿ ಈಗ ಫೋನಿನ ಒಳಗೆ ಬಂದು ಕೂತಿದೆ, ಅಷ್ಟೆ.

ಅದಕ್ಕೇ ನಾಲ್ಕು ಮಾತು. ಬ್ಯೂಟಿ ಮೋಡ್ ಆಫ್ ಮಾಡಿ. ನಡುಮಧ್ಯಾಹ್ನದ ಬಿಸಿಲು, ಸುಣ್ಣದ ಗೋಡೆ ಎರಡನ್ನೂ ಬಿಟ್ಟು, ಜಗಲಿಯಲ್ಲೋ ಹೊಂಗೆಮರದ ಕೆಳಗೋ ಬೆಳಕಿನ ಕಡೆ ಮುಖ ಮಾಡಿ ಕೂರಿಸಿ. ತೆಗೆಯುವ ಮುಂಚೆ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ, ಆಗ ಫೋನು ಗೋಡೆಗಲ್ಲ, ಆ ಮುಖಕ್ಕೆ ಬೆಳಕು ಅಳೆಯುತ್ತದೆ. ಗ್ರೂಪ್ ಫೋಟೊ ಆದರೆ ಕಪ್ಪಗಿರುವವರನ್ನು ತುದಿಗೆ ತಳ್ಳಬೇಡಿ, ನಡುವೆ ಕರೆಯಿರಿ.

ಮನೆಯಲ್ಲಿ ಹಳೇ ನೆಗೆಟಿವ್ ಇದ್ದರೆ ಅದನ್ನೂ ಎಸೆಯಬೇಡಿ. ಪ್ರಿಂಟಿನಲ್ಲಿ ಮಸಿಯಾದ ಮುಖ ನೆಗೆಟಿವ್‌ನಲ್ಲಿ ಎಷ್ಟೋ ಸಲ ಉಳಿದಿರುತ್ತದೆ. ಸ್ಕ್ಯಾನ್ ಮಾಡಿ ಆ ಭಾಗವನ್ನು ತಿಳಿ ಮಾಡಿದರೆ ಮೇಲೆ ಬರಬಹುದು. ಚಿಕ್ಕಪ್ಪನ ಮದುವೆಯ ನೆಗೆಟಿವ್‌ಗಾಗಿ ನಾನು ಇನ್ನೂ ಹುಡುಕುತ್ತಿದ್ದೇನೆ. ಅಟ್ಟದ ಮೇಲಿನ ಎರಡು ಟ್ರಂಕ್ ನೋಡಿಯಾಯಿತು, ಇನ್ನೊಂದು ಇದೆ.

ಮುಂದಿನ ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಫೋನು ಹೊರಗೆ ತೆಗೆಯುತ್ತೀರಿ. ಆಗ ಯಾರೋ ಒಬ್ಬರು ಮೆಲ್ಲಗೆ ಒಳಮನೆ ಕಡೆ ನಡೆಯುತ್ತಾರೆ. ಅವರ ಹಿಂದೆಯೇ ಹೋಗಿ ಕೂಗಿ ಕರೆಯಿರಿ. ನಿಮ್ಮ ತಪ್ಪಲ್ಲ, ಫೋಟೊ ತೆಗೆದವರ ತಪ್ಪು ಎಂದು ಹೇಳಿ. ಆಮೇಲೆ ನೆರಳಿನಲ್ಲಿ ಕೂರಿಸಿ, ಸರಿಯಾಗಿ ತೆಗೆಯಿರಿ.